ಒದ್ದೆ ಕಾಲಿನ ಕಳ್ಳ

ಅತ್ತಿ ಕಳಿಸಿದ ರೊಟ್ಟಿಯನ್ನು ಅವ್ವ ಮೊದಲು ನಾಯಿಗೆ ಹಾಕಿದಳು.

ನಾನು ಸುರಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೌದಿ ಹೊದ್ದು ಕೂತಿದ್ದೆ. ಏಪ್ರಿಲ್ ಬಿಸಿಲಿಗೆ ಫರಸಿಕಲ್ಲು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ನನಗೆ ಮಾತ್ರ ಮೈಯೊಳಗಿಂದ ನಡುಕ. ಕಣ್ಣು ಕೆಂಡದುಂಡೆ. ಮೊಣಕಾಲು, ಬೆರಳ ಗಂಟು ಎಲ್ಲ ಹಿಡಿದುಕೊಂಡಿದ್ದವು. ತೋಳು ತುಂಬ ಕೆಂಪು ದದ್ದು. ನಮ್ಮ ಕಡೆ ಅದಕ್ಕೆ ಗಂದಿ ಅನ್ನುತ್ತೇವೆ.

ನಾಯಿ ರೊಟ್ಟಿ ತಿಂದು, ಅದರ ಮೇಲಿನ ಶೇಂಗಾ ಹಿಂಡಿಯ ಚಟ್ನಿಪುಡಿ ನೆಕ್ಕಿ, ಇನ್ನೊಂದು ಸಿಗುತ್ತದೇನೋ ಎಂದು ಅವ್ವನ ಮುಖ ನೋಡಿತು. ಸಿಗಲಿಲ್ಲ. ಬೇವಿನ ನೆರಳಿಗೆ ಹೋಗಿ ಮಲಗಿತು. ಅವ್ವ ಸೊಂಟದ ಮೇಲೆ ಕೈಯಿಟ್ಟು ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಿಂತಳು.

"ಏನೂ ಆಗಲಿಲ್ಲಲ್ಲವ್ವಾ," ಅಂದೆ.

"ನಾಯಿಗ್ಯಾಕ ಆಗತದ? ಮದ್ದು ಹಾಕೂ ಮುಂದ ಹೆಸರು ಹಿಡದು ಹಾಕಿರ್ತಾರ. ನಿನ್ನಂಗ ಪರಿಮಳಾ ಅಂತ ಆ ನಾಯಿ ಹೆಸರು ಅದೇನು?"

ಮದ್ದು ಎಂದರೆ ಇಲ್ಲಿ ಔಷಧಿಯಲ್ಲ. ಆಗದವರು ಅನ್ನದಲ್ಲೋ ಪಾಯಸದಲ್ಲೋ ಕಲೆಸಿ ಹಾಕುವ ಏನೋ ಒಂದು. ಬೇರಿನ ಪುಡಿಯೋ ಕೂದಲ ಬೂದಿಯೋ, ಹೇಳುವವರಿಗೂ ಗೊತ್ತಿಲ್ಲ. ಹೊಟ್ಟೆಯೊಳಗೆ ಕಚ್ಚಿಕೊಂಡು ಕೂತು ಮನುಷ್ಯನನ್ನು ಒಣಗಿಸುತ್ತದಂತೆ, ಇಲ್ಲವೇ ಹಾಕಿದವರ ಮಾತಿಗೆ ಬಗ್ಗಿಸುತ್ತದಂತೆ. ಕಣ್ಣಾರೆ ಕಂಡವರಿಲ್ಲ. ನಂಬದವರೂ ಕಡಿಮೆ.

ಅತ್ತಿ ಎಂದರೆ ಅಪ್ಪನ ಅಕ್ಕ, ಮರಿಲಿಂಗಮ್ಮ. ಶಹಾಪುರದಲ್ಲಿ ಇರುತ್ತಾಳೆ. ಮಾವ ತೀರಿಕೊಂಡ ಮೇಲೆ ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಮಾರಿ ಬದುಕಿದವಳು. ಒಬ್ಬನೇ ಮಗ ಅರ್ಜುನ, ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ. ನಾನು ಬಿ.ಎಡ್. ಓದುವುದು ಶಹಾಪುರದಲ್ಲಿ. ದಿನಾ ಬಸ್ಸಿಗೆ ಹೋಗಿ ಬರುತ್ತೇನೆ, ಹೊತ್ತಾದರೆ ಅತ್ತಿಯ ಮನೆಯಲ್ಲಿ ಉಳಿಯುತ್ತೇನೆ. ಬೇಸಿಗೆ ಶುರುವಾದ ಮೇಲೆ, ಉಳಿದಾಗೆಲ್ಲ ಜ್ವರ. ಅವಳ ಮನೆಯಲ್ಲಿ ಉಣ್ಣುವುದು, ಮೈ ನಡುಗುವುದು, ಮರುದಿನ ಕೆಂಪು ಕಣ್ಣಿನೊಂದಿಗೆ ಸುರಪುರದ ಬಸ್ಸು ಹತ್ತುವುದು, ಅವ್ವನ ಕೈಯ ಗಂಜಿ ಕುಡಿದು ಅದರ ಮರುದಿನಕ್ಕೆ ನೆಟ್ಟಗಾಗುವುದು.

"ಲೆಕ್ಕ ಸರಳ ಅದ," ಅನ್ನುತ್ತಿದ್ದಳು ಅವ್ವ. "ಸೋದರತ್ತಿ ಮಗಗ ಕೊಡೂ ಪದ್ಧತಿ ಅದ. ಕೇಳಿದ್ರ ನಿಮ್ಮವ್ವ ಮಲ್ಲೇಶ್ವರಿ ಒಲ್ಲೆ ಅಂತಾಳ ಅಂತ ಆಕಿಗೆ ಗೊತ್ತದ. ಬಾಯಿಲೆ ಕೇಳದಾಕಿ ಕೈಲೆ ಕೇಳಾಕತ್ತಾಳ."

"ನಮ್ಮಕ್ಕ ಅಂಥಾಕಿ ಅಲ್ಲ," ಅನ್ನುತ್ತಿದ್ದ ಅಪ್ಪ. ಅಷ್ಟು ಹೇಳಿ ಚಪ್ಪಲಿ ಮೆಟ್ಟಿ, ಬಸ್‌ ನಿಲ್ದಾಣದ ಹತ್ತಿರದ ತನ್ನ ಪಾತ್ರೆ ಅಂಗಡಿಗೆ ಹೊರಟುಬಿಡುತ್ತಿದ್ದ. ಅಪ್ಪನ ಹೆಸರು ವೆಂಕಪ್ಪ. ಅವನ ವಾದವೆಲ್ಲ ಚಪ್ಪಲಿಯಲ್ಲಿ ಮುಗಿಯುತ್ತದೆ.

ನಾನು ಯಾರ ಪಕ್ಷ? ಮೊದಮೊದಲು ಅತ್ತಿಯದೇ. ಆದರೆ ನಾನು ಆಯಿಯ ಕಥೆಗಳ ಮೇಲೆ ಬೆಳೆದವಳು. ಆಯಿ ಅಪ್ಪನ ಅವ್ವ. ಅವಳ ಕಥೆಗಳಲ್ಲಿ ಹೋಳಿಗೆ ಬಡಿಸುವ ಕೈಗಳೆಲ್ಲ ಒಳ್ಳೆಯ ಕೈಗಳಲ್ಲ. ಕಾಡಿನ ಮನೆಯ ಮುದುಕಿ ತಲೆ ಸವರಿ ಉಣ್ಣಿಸುತ್ತಾಳೆ, ಉಂಡವರು ಬೆಳಗ್ಗೆ ಹಟ್ಟಿಯಲ್ಲಿ ಕುರಿಯಾಗಿ ನಿಂತಿರುತ್ತಾರೆ. ಬಸ್ಸಿನ ಕಿಟಕಿಗೆ ಹಣೆ ಒತ್ತಿ ಜ್ವರದಲ್ಲಿ ಬರುವಾಗ ನನಗೆ ರಸ್ತೆಯ ಬದಿಯ ಕುರಿಗಳೆಲ್ಲ ಪರಿಚಯದವರಂತೆ ಕಾಣುತ್ತಿದ್ದವು.

ಆಯಿಗೆ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ಅವಳ ಕಥೆಗೆ ನಡುವೆ ಪ್ರಶ್ನೆ ಇರಲಿಲ್ಲ. ಕೇಳಿದರೂ ಅವಳಿಗೆ ಮುಟ್ಟುತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ನನಗೆ ಗಂದಿ ಎದ್ದರೆ ಕರಿ ಕಂಬಳಿಯಿಂದ ಮೈ ತಿಕ್ಕುತ್ತ, ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

ಗುಡ್ಡದ ಮೇಲೆ ಒಂದು ಊರು. ಆ ಊರ ಬಾಗಿಲಿಗೆ ಒಬ್ಬ ಹುಟ್ಟುಗುರುಡ ಕಾವಲುಗಾರ. ಅವನು ಮುಖ ನೋಡಿ ಕಳ್ಳರನ್ನು ಹಿಡಿಯುವವನಲ್ಲ. ಕಳ್ಳರು ಹೊಳೆ ದಾಟಿ ಬರುತ್ತಾರೆ, ಅವರ ಕಾಲು ಒದ್ದೆ ಇರುತ್ತದೆ. ಬಂದವರ ಪಾದ ಮುಟ್ಟುತ್ತಾನೆ. ಒದ್ದೆ ಇದ್ದರೆ ನಗಾರಿ ಬಾರಿಸುತ್ತಾನೆ. ನಗಾರಿ ಕೇಳಿದರೆ ಊರ ಮಂದಿ ಪಂಜು ಹಚ್ಚಿಕೊಂಡು ಓಡಿ ಬರುತ್ತಾರೆ. ಎಷ್ಟೋ ಕಳ್ಳರು ಹಾಗೆ ಸಿಕ್ಕಿಬಿದ್ದರು. ಒಂದು ವರ್ಷ ಮಂಜು ಬಿತ್ತು. ಹುಲ್ಲೆಲ್ಲ ಒದ್ದೆ. ಕಾವಲುಗಾರ ತನ್ನ ಪಾದವನ್ನೇ ಮುಟ್ಟಿ ನೋಡಿಕೊಂಡ, ಒದ್ದೆ! ನಗಾರಿ ಬಾರಿಸಿದ. ಮಂದಿ ಪಂಜು ತಂದರು, ಕಳ್ಳ ಬಣವೆಯಲ್ಲಿ ಅಡಗಿದ್ದಾನೆಂದು ಬಣವೆ ಸುಟ್ಟರು, ಮನೆಯಲ್ಲಿ ಅಡಗಿದ್ದಾನೆಂದು ಮನೆ ಸುಟ್ಟರು.

"ಕಳ್ಳ ಬರಲೇ ಇಲ್ಲ. ಊರು ಸುಟ್ಟು ಹೋತು," ಎಂದು ಆಯಿ ಕಂಬಳಿ ಮಡಿಸುತ್ತಿದ್ದಳು.

"ಆಯಿ, ಆಮ್ಯಾಗ ಆ ಕಾವಲುಗಾರನ್ನ ಏನ್ ಮಾಡಿದ್ರು?" ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. ಅವಳಿಗೆ ಒಮ್ಮೆಯೂ ಕೇಳಿಸಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪಾಠ ಅಭ್ಯಾಸದ ದಿನಗಳು ಬಂದವು. ಮತ್ತೆ ಉಳಿಯಬೇಕಾಯಿತು. ಹೊರಡುವಾಗ ಅವ್ವ ಬಾಗಿಲಲ್ಲಿ ಕೈ ಹಿಡಿದು ಹೇಳಿದಳು: "ಕಣ್ಣು ತಕ್ಕೊಂಡಿರು. ಆಕಿ ಮೊದಲು ಉಣ್ಣದ ಹೊರತು ನೀ ತುತ್ತು ಎತ್ತಬ್ಯಾಡ."

ಬಾಗಿಲಲ್ಲಿ ನನ್ನನ್ನು ಕಂಡೊಡನೆ ಅತ್ತಿಯ ಮುಖ ಅರಳಿತು. ಆ ಬಿಸಿಲಲ್ಲೂ ಅವಳ ಹೆಗಲ ಮೇಲೆ ಶಾಲು.

"ಬಾ ಬಾ, ಮಾರಿ ನೋಡು ಹೆಂಗ ಬಾಡ್ಯಾದ ನನ್ನ ಕೂಸಿಂದು. ಕೂಡಿಲ್ಲಿ, ತಂಪಿನ್ಯಾಗ."

ನಡುಮನೆಯಲ್ಲಿ ಅರ್ಜುನ ತಂದಿಟ್ಟ ದೊಡ್ಡ ಕೂಲರ್ ಇತ್ತು. ಅದರ ಹುಲ್ಲಿನ ಪರದೆಗೆ ನೀರು ಸುರಿದು, ಎದುರಿಗೇ ಚಾಪೆ ಹಾಸಿ, ನನ್ನನ್ನು ಅಲ್ಲಿ ಮಲಗಿಸಿದಳು. ಬೆವರಿದ ಮೈಗೆ ಗಾಳಿ ಬಡಿದಾಗ ಹೊಳೆಯಲ್ಲಿ ಮುಳುಗಿದಷ್ಟು ಹಿತವಾಯಿತು. ಅತ್ತಿ ಮಾತ್ರ ಆ ಕೋಣೆಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಒಳಗೆ ಹೋಗಿ ಉರಿಯುವ ಒಲೆಯ ಮುಂದೆ, ಶಾಲು ಹೊದ್ದೇ ಕೂತಳು. ಆ ಬೇಸಿಗೆಯಲ್ಲಿ ಬೆಂಕಿಯ ಮುಂದೆ ಸುಖವಾಗಿ ಕೂತ ಹೆಂಗಸನ್ನು ನಾನು ಆಯಿಯ ಕಥೆಗಳಲ್ಲಿ ಮಾತ್ರ ಕಂಡಿದ್ದೆ.

ಸಂಜೆ ತಾಟು ಬಂತು. ಒಂದೇ ತಾಟು.

"ನೀನೂ ಬಾ ಅತ್ತೀ, ಇಲ್ಲೇ ಕೂತು ಉಣ್ಣೂಣು."

"ನನಗ ಒಲಿ ಮುಂದ ಉಂಡ್ರೇ ಹತ್ತತದವ್ವ. ನೀ ಉಣ್ಣು."

ನಾನು ತುತ್ತು ಎತ್ತಲಿಲ್ಲ. ನೀರು ತರುವ ನೆಪದಲ್ಲಿ ಒಳಗೆ ಹೋದೆ. ಅತ್ತಿ ನನ್ನತ್ತ ಬೆನ್ನು ಮಾಡಿ, ಜೋಳದ ಹಿಟ್ಟಿನ ಡಬ್ಬದ ಹಿಂದಿನಿಂದ ಒಂದು ಸಣ್ಣ ಡಬ್ಬಿ ತೆಗೆಯುತ್ತಿದ್ದಳು. ಒಳಗೆ ಕಪ್ಪು ಪುಡಿ. ಮೂಗಿಗೆ ಘಾಟು ಬಡಿಯಿತು.

"ಅದೇನದು?"

ಎರಡನೇ ಸಲ ಕೇಳಿದಾಗ ಬೆಚ್ಚಿ ತಿರುಗಿದಳು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿದಳು. ಕಣ್ಣು ಕೆಂಪಗಿದ್ದವು, ಹೊಗೆಗೋ ಏನೋ.

"ಅದು ನಿನಗಲ್ಲ. ಮದಿವಿ ಆದ ಮ್ಯಾಲ ನಿನಗೂ ಗೊತ್ತಾಗತದ," ಅಂದಳು, ನಕ್ಕಳು.

ಅವಳು ಮತ್ತೆ ತಿರುಗಿ ರೊಟ್ಟಿ ಬಡಿಯತೊಡಗಿದಳು. ಟಪ್ ಟಪ್ ಟಪ್. ಆ ಸದ್ದಿನ ಮರೆಯಲ್ಲಿ, ಅವಳ ಬೆನ್ನಿಗೆ, ಕೇಳಿಯೇಬಿಟ್ಟೆ.

"ಅತ್ತೀ, ನೀ ನನಗ ಮದ್ದು ಹಾಕೀಯೇನು?"

ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಿರುಗಲಿಲ್ಲ. ರೊಟ್ಟಿ ಬಡಿಯುವ ತಾಳ ಸಹ ತಪ್ಪಲಿಲ್ಲ. ತಪ್ಪಿಲ್ಲದವಳು ಇಂಥ ಮಾತಿಗೆ ಸಿಡಿದೇಳುವುದಿಲ್ಲವೇ? ನಾನು ಹೊರಗೆ ಬಂದು ತಾಟಿನ ಅರ್ಧ ಅನ್ನವನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಹಸಿವಿಗೆ ಉಳಿದರ್ಧ ಉಂಡೆ. ದೀಪ ಹಚ್ಚುವ ಹೊತ್ತಿಗೆ ನಡುಕ ಬಂತು, ಗಂದಿ ಎದ್ದವು.

ಮರುದಿನ ಆ ಅನ್ನದ ಪೊಟ್ಟಣವನ್ನು ಅವ್ವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಕಪ್ಪು ಪುಡಿಗೆ ಅವ್ವ ಹುಬ್ಬೇರಿಸಿದಳು. 'ಮದಿವಿ ಆದ ಮ್ಯಾಲ' ಎಂಬ ಮಾತಿಗೆ ಎದ್ದೇ ನಿಂತಳು.

"ಕೇಳಿದ್ರೇನು? ಇನ್ನೇನು ಬಾಕಿ ಉಳೀತು? ಆಕಿ ಬಾಯಿಲೇ ಬಂತಲ್ಲ!" ಎಂದು ಅಪ್ಪನ ಕಡೆ ತಿರುಗಿದಳು. "ಈ ಸಲ ಪಂಚಮಿಗೆ ನಿಮ್ಮಕ್ಕನ್ನ ಕರಿಯಾಕ ಹೋಗೂದು ಬ್ಯಾಡ. ಇನ್ನ ಆಕಿ ಈ ಹೊಸ್ತಿಲಾ ದಾಟಂಗಿಲ್ಲ, ನನ್ನ ಮಗಳು ಆ ಹೊಸ್ತಿಲಾ ದಾಟಂಗಿಲ್ಲ."

ನಮ್ಮಲ್ಲಿ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಹೋಗಲೇಬೇಕು. ಯಾರೂ ಕರೆಯಲು ಬಾರದ ಹೆಣ್ಣಿಗೆ ತವರು ಸತ್ತಂತೆ. ಆಯಿ ಹೋದ ಮೇಲೆ ಅತ್ತಿಗೆ ತವರೆಂದರೆ ಅಪ್ಪನೊಬ್ಬನೇ. ಅಪ್ಪ ಚಪ್ಪಲಿ ಮೆಟ್ಟಿದ. ಆದರೆ ಹೋಗಲಿಲ್ಲ, ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ.

ಪಕ್ಕದ ಮನೆಯ ಖುರ್ಷೀದಬೇಗಂ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮದ್ದು ತೆಗೆಯುವವನ ವಿಳಾಸ ಕೊಟ್ಟವಳೂ ಅವಳೇ. ಅಲ್ಲಿಂದ ಆ ಮಾತು ಬೀದಿಗೆ ಹೋಯಿತು, ಬೀದಿಯಿಂದ ಬಸ್ಸು ಹತ್ತಿತು.

ಮದ್ದು ತೆಗೆಯುವವನಿಗೆ ದೇವಾಪುರದ ಕಡೆ ಹೊಲದಲ್ಲಿ ಮನೆ. ಜಡೆಯ ಮುದುಕನೊಬ್ಬನನ್ನು ನಾನು ಕಲ್ಪಿಸಿಕೊಂಡಿದ್ದೆ. ಒಳಗಿನಿಂದ ಬಂದವನು ಜೀನ್ಸ್ ತೊಟ್ಟ ಸಂಜೀವಕುಮಾರ, ಕಿವಿಯಲ್ಲಿ ಬ್ಲೂಟೂತ್. ಕಾಲೇಜಿಗೆ ರಜೆ ಶುರುವಾಗಿ, ಜೂನ್‌ನಲ್ಲಿ ಅವನ ಹತ್ತಿರ ನಮ್ಮ ಸರದಿ ಬಂದಿತ್ತು. ಆ ಹೊತ್ತಿಗೆ ನಾನು ಅತ್ತಿಯ ಮನೆಯ ಅನ್ನ ಉಣ್ಣದೆ ತಿಂಗಳ ಮೇಲಾಗಿತ್ತು. ಒಮ್ಮೆಯೂ ಜ್ವರ ಬಂದಿರಲಿಲ್ಲ. ಅವ್ವನ ಪ್ರಕಾರ ಅದೇ ಸಾಕ್ಷಿ.

"ಏನ್ ತ್ರಾಸು?" ಎಂದು ಅವನು ಕೇಳಿದ್ದಷ್ಟೇ. ಸೋದರತ್ತಿ, ಒಲೆ, ಶಾಲು, ಕಪ್ಪು ಪುಡಿ, ಕಡೇಚೂರಿನ ಮಗ, ಎಲ್ಲವನ್ನೂ ಅವ್ವ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವನು ಕಣ್ಣು ಮುಚ್ಚಿ, ನನ್ನ ನಾಡಿ ಹಿಡಿದು, ಹೊಸದೇನೋ ಕಂಡವನಂತೆ ಹೇಳಿದ: "ಹೆಣ್ಣು. ತಂದಿ ಕಡಿಯಾಕಿ. ಬೆಂಕಿ ಹತ್ರ ಕೂಡಾಕಿ."

"ನೋಡಿದಿ?" ಎಂದು ಅವ್ವ ನನ್ನ ಮೊಣಕೈ ತಿವಿದಳು.

ಹಸಿರು ರಸ ಕುಡಿಸಿದ. ಕರುಳು ಬಾಯಿಗೆ ಬಂದಂತಾಗಿ ವಾಂತಿಯಾಯಿತು. ಅವನು ಬಾಗಿ, ಪಾತ್ರೆಯೊಳಗೆ ಕೈಯಾಡಿಸಿ, ಕಡ್ಡಿಯ ತುದಿಯಲ್ಲಿ ಕಪ್ಪಗಿನ ಒಂದು ಉಂಡೆ ಎತ್ತಿ ತೋರಿಸಿದ. ಅದು ಅವನ ಬೆರಳ ಸಂದಿಯಿಂದಲೇ ಜಾರಿದಂತೆ ನನಗೆ ಕಂಡಿತು. ಕಣ್ಣು ತುಂಬ ನೀರಿತ್ತು, ಆಣೆ ಮಾಡಿ ಹೇಳಲಾರೆ.

"ಹಾಕಿದಾಕಿ ಹೆಸರು ಹೇಳ್ರಿ," ಅಂದಳು ಅವ್ವ.

"ಹೆಸರು ಹೇಳಂಗಿಲ್ರಿ ಅಕ್ಕಾರ, ಕೇಸ್ ಆಗ್ತಾವ. ನಿಮ್ಮ ಮನಸಿನ್ಯಾಗ ಯಾರದಾರ, ಅವ್ರೇ."

ಅಪ್ಪನ ಬೈಕಿನಲ್ಲಿ ಮೂವರೂ ಹಿಂದಿರುಗುವಾಗ ಮೊದಲ ಮಳೆ ಹಿಡಿಯಿತು. ನಿಲ್ಲಲು ಮರವಿಲ್ಲ. ತೊಯ್ದ ಮೈಗೆ ಗಾಳಿ ಬಡಿಯುತ್ತಿತ್ತು. ಅವ್ವ ಹಿಂದಿನಿಂದ ನನ್ನನ್ನು ತಬ್ಬಿ, "ತೊಳದು ಹೋಗ್ಲಿ, ಎಲ್ಲಾ ತೊಳದು ಹೋಗ್ಲಿ," ಅನ್ನುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಜ್ವರ ಬಂತು. ಗಂದಿ, ಕೆಂಪು ಕಣ್ಣು, ಕೀಲು ನೋವು, ಎಲ್ಲ ಅದೇ. ಈ ಸಲದಷ್ಟು ಜೋರು ಎಂದೂ ಬಂದಿರಲಿಲ್ಲ.

"ಬೇರು ಉಳದದ," ಅಂದಳು ಅವ್ವ. ಆದರೆ ಅವಳ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ನಾನು ಕೌದಿಯೊಳಗಿಂದ ಮಾಡು ನೋಡುತ್ತಿದ್ದೆ. ಈ ಮನೆಯಲ್ಲಿ ಅತ್ತಿ ಇಲ್ಲ, ಅವಳ ರೊಟ್ಟಿ ಇಲ್ಲ, ಡಬ್ಬಿ ಇಲ್ಲ. ಇಂದು ಬೆಳಗಿನಿಂದ ನನ್ನ ಹೊಟ್ಟೆಗೆ ಹೋದದ್ದು ಅವ್ವನ ಗಂಜಿ, ಸಂಜೀವಕುಮಾರನ ರಸ ಎರಡೇ. ಹಾಗಾದರೆ ಮದ್ದು ಹಾಕಿದವರು ಯಾರು? ಅವ್ವನ ಮೇಲೇ ಒಂದು ಕ್ಷಣ ಅನುಮಾನ ಬಂತು. ಆ ಅನುಮಾನ ಎಷ್ಟು ಸಲೀಸಾಗಿ ಬಂತೆಂದರೆ ನನಗೆ ಹೆದರಿಕೆಯಾಯಿತು.

ಬೆಳಗ್ಗೆ ಅಪ್ಪ ಚಪ್ಪಲಿ ಮೆಟ್ಟಿ ನನ್ನ ಚಪ್ಪಲಿಯನ್ನೂ ತಂದು ಮುಂದಿಟ್ಟ. "ಏಳು. ಯಾದಗಿರಿಗೆ ಹೋಗೂಣು."

"ಯಾಕ, ಅಂಗಡಿ ಇಲ್ಲೇನು?" ಅಂದಳು ಅವ್ವ.

"ಇಲ್ಲ," ಅಂದ ಅಪ್ಪ.

ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಡಾಕ್ಟರ್ ಅಂಬರೀನ. ಇದೇ ಕಡೆಯವರು, ಮಾತಿನಲ್ಲಿ ಗೊತ್ತಾಗುತ್ತಿತ್ತು. ನನ್ನ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಬೆರಳ ಗಂಟು ಒತ್ತಿ ನೋಡಿ ಕೇಳಿದರು: "ಯಾವಾಗ ಬರತದ?"

"ಅತ್ತಿ ಮನ್ಯಾಗ ಉಂಡ ಮ್ಯಾಲ್ರಿ."

"ಉಣ್ಣೂಕಿಂತ ಮೊದಲ ಏನ್ ಮಾಡ್ತಿದ್ದಿ?"

ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. "ಏನಿಲ್ರಿ. ಕೂಲರ್ ಮುಂದ ಮಲಗತಿದ್ದೆ."

"ನಿನ್ನೆ?"

"ನಿನ್ನೆ ಅತ್ತಿ ಮನಿಗೆ ಹೋಗಿಲ್ರಿ. ಗಾಡಿ ಮ್ಯಾಲ ಮಳ್ಯಾಗ ತೊಯ್ಸಿಕೊಂಡ್ವಿ."

ಅವರು ಪೆನ್ನು ಕೆಳಗಿಟ್ಟರು. ಬರ್ಫದ ತುಂಡೊಂದನ್ನು ತರಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ನನ್ನ ಮುಂಗೈ ಮೇಲೆ ಇಡಿಸಿದರು. ತೆಗೆದ ಮೇಲೆ ಕಾದರು. ಅಲ್ಲಿ ಏನೂ ಏಳಲಿಲ್ಲ.

"ಅಂದ್ರ ಥಂಡಿ ಅಲ್ಲೇನ್ರಿ?" ಅಂದ ಅಪ್ಪ.

"ಬರೇ ಥಂಡಿ ಗಂದಿ ಆಗಿದ್ರ ಬರ್ಫ ಇಟ್ಟಲ್ಲೇ ಏಳತಿತ್ತು. ಏಳಲಿಲ್ಲ ಅಂತನೇ ನನಗ ಶಕ್ ಜಾಸ್ತಿ ಆಯ್ತು. ಇದಕ್ಕ ಇಡೀ ಮೈಗೆ ತಣ್ಣಗ ಗಾಳಿ ಬಡೀಬೇಕು. ಬಡದು ತಾಸೆರಡು ತಾಸು ಆದ ಮ್ಯಾಲ ಏಳತದ. ಅಷ್ಟೊತ್ತಿಗೆ ನೀ ಉಂಡಿರ್ತಿ, ಉಂಡದ್ದರ ಮ್ಯಾಲ ತಪ್ಪು ಬರತದ." ನಕ್ಕರು. "ಮನ್ಯಾಗ ಯಾರಿಗರೆ ಕಿವಿ ಕೇಳಸ್ತಿದ್ದಿಲ್ಲೇನು?"

ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಕಿವಿಗೂ ಇದಕ್ಕೂ ಏನು ಸಂಬಂಧ ಎಂದು ನನಗೆ ಅವರ ಮೇಲೇ ಅನುಮಾನ. ಸಂಜೀವಕುಮಾರನ ಅಕ್ಕನೋ ಏನೋ.

"ನಮ್ಮವ್ವಗ್ರಿ," ಅಂದ ಅಪ್ಪ. "ಕಡೀಕ ಕಾಲು, ಮಾರಿ ಬಾತು ಹೋದ್ಳು."

"ನಿಮಗ?"

"ನನಗೇನಿಲ್ರಿ. ಚಳಿಗಾಲದಾಗ ಕಣ್ಣು ಕೆಂಪಾಗ್ತಾವ, ಅಷ್ಟ."

ಆ ಕೆಂಪನ್ನು ಅವ್ವ ವರ್ಷಾನುಗಟ್ಟಲೆ ಕುಡಿತವೆಂದು ಅನುಮಾನಿಸಿ ಅಪ್ಪನ ಬಾಯಿ ಮೂಸಿದ್ದು ನನಗೆ ನೆನಪಾಯಿತು.

ಡಾಕ್ಟರ್ ಹಾಳೆಯ ಮೇಲೆ ಒಂದು ದುಂಡು ಗೆರೆ ಎಳೆದರು. "ಇದು ಒಂದು ಜೀವಕೋಶ ತಿಳ್ಕೊ. ಇದರಾಗ ಕಾವಲಿಗೆ ರಿಸೆಪ್ಟರ್ ಇರ್ತಾವ. ಕೆಲವು ಕಾವಲು ಕಲ್ತು ಬರ್ತಾವ, ಲಸಿಕೆ ಹಾಕಿಸಿದ ಮ್ಯಾಲ ಬರ್ತಾವಲ್ಲ, ಹಂಗ. ಇವು ಕಲ್ತವಲ್ಲ, ಹುಟ್ಟಾನೇ ಇರೂವಂಥವು. ಒಂದೊಂದು ರೋಗದ ಮುಖ ಇವಕ್ಕ ಗೊತ್ತಿಲ್ಲ. ಒಟ್ಟು ಗುರುತು ಗೊತ್ತು. ಗುರುತು ಸಿಕ್ರ ಕೂಗ್ತಾವ. ಅದರಾಗ ಒಂದರ ಹೆಸರು ಎನ್‌ಎಲ್‌ಆರ್‌ಪಿ-ಮೂರು. ನಿನ್ನಲ್ಲಿ ಅದರ ಕಟ್ಟಡದಾಗೇ ಸಣ್ಣ ತಪ್ಪು ಇರಬೇಕು ಅಂತ ನನ್ನ ಶಕ್. ಥಂಡಿ ಹತ್ತಿದ್ರೇ ಕಳ್ಳ ಬಂದ ಅಂತ ಕೂಗತದ. ಇಂಟರ್‌ಲ್ಯೂಕಿನ್-ಒಂದು ಅಂತ ಒಂದು ರಸ ಹೊರಗ ಬೀಳತದ, ಮೈಯೆಲ್ಲಾ ಬೆಂಕಿ ಹಚ್ಚತದ. ಒಳಗ ರೋಗದ ಹುಳ ಇಲ್ಲ, ವಿಷ ಇಲ್ಲ..."

"ಕಳ್ಳ ಬರಲೇ ಇಲ್ಲ," ಅಂದೆ.

"ಏನು?"

"ಏನಿಲ್ರಿ. ನಮ್ಮಾಯಿ ಹೇಳತಿದ್ಳು."

ವರ್ಷಾನುಗಟ್ಟಲೆ ಆ ಬೆಂಕಿ ಹೀಗೇ ಹೊತ್ತಿದರೆ ಕಿವಿ ಹೋಗಬಹುದು, ಮೂತ್ರಪಿಂಡ ಕೆಡಬಹುದು ಅಂದರು. ರಕ್ತ ತೆಗೆದು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು. "ನಾನೂ ಶಕ್ ಮಾಡಾಕತ್ತೇನಿ ಅಷ್ಟ, ಖಾತ್ರಿ ಬರೂತನಕ ಯಾವ ರೋಗದ ಹೆಸರೂ ಹೇಳಂಗಿಲ್ಲ. ವಂಶದಾಗ ಇಂಥೋರು ಮತ್ಯಾರದಾರ? ಥಂಡಿ ತಡಕೊಳ್ಳದೋರು, ಬೆಂಕಿ ಬೇಕನ್ನೋರು, ಕಿವಿ ಮಂದ ಆದೋರು?"

ಅಪ್ಪ ಯೋಚಿಸುತ್ತಿದ್ದ. ನನಗೆ ಯೋಚಿಸುವುದೇನೂ ಉಳಿದಿರಲಿಲ್ಲ. ಬೇಸಿಗೆಯಲ್ಲಿ ಶಾಲು, ಒಲೆಯ ಮುಂದಿನ ಊಟ, ಕೆಂಪು ಕಣ್ಣು, ಎರಡನೇ ಸಲ ಕೇಳಿದಾಗ ಬೆಚ್ಚಿ ತಿರುಗಿದ್ದು, ರೊಟ್ಟಿಯ ತಾಳ ತಪ್ಪದೇ ಇದ್ದದ್ದು. ಅವ್ವನೂ ನಾನೂ ಒಟ್ಟು ಮಾಡಿದ ಸಾಕ್ಷಿಗಳೆಲ್ಲ ಒಂದೊಂದಾಗಿ ಮಗ್ಗಲು ಬದಲಿಸಿ ಮಲಗಿದವು.

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದಲ್ಲಿ ನಿಲ್ಲುತ್ತದೆ. ಅಪ್ಪ ಏನೂ ಹೇಳದೆ ಇಳಿದ.

ಅತ್ತಿ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ಬಾ ಅನ್ನಲೂ ಅನುಮಾನ ಅವಳಿಗೆ. ಆಮೇಲೆ ಅಭ್ಯಾಸಬಲದಿಂದ ಹೋಗಿ ಕೂಲರ್ ಹಚ್ಚಿದಳು, ಚಾಪೆ ಹಾಸಿದಳು. ನಾನು ಹೋಗಿ ಅದನ್ನು ಆರಿಸಿದೆ. ಅವಳ ಮುಖ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ನನ್ನ ಮನಿ ಗಾಳಿನೂ ಬ್ಯಾಡಾಯ್ತೇನವ್ವ ನಿನಗ?"

ಕೈ ಹಿಡಿದು ಒಲೆಯ ಮುಂದೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಕೇಳಿದೆ: "ಅತ್ತೀ, ಥಂಡಿ ಹತ್ತಿದ್ರ ನಿನಗ ಏನಾಗತದ?"

ಅವಳು ಅಪ್ಪನನ್ನು ನೋಡಿ ನಾಚಿದಳು. "ಗಂಡಸರ ಮುಂದ ಹೇಳೂ ಮಾತಲ್ಲದು." ಅಪ್ಪ ಎದ್ದು ಹೊರಗೆ ಹೋದ. "ಅರ್ಜುನನ ಬಾಣಂತನದಾಗ ಥಂಡಿ ಹತ್ತಿತ್ತವ್ವ ನನಗ. ಗಾಳಿ ಬಿಟ್ರ ಮೈ ಉರಿ, ಕೀಲು ನೋವು, ಗಂದಿ. ಬಾಣಂತಿ ಥಂಡಿ ಎಲುಬಿನ್ಯಾಗ ಕೂತ್ರ ಮಣ್ಣಿಗೆ ಹೋಗೂತನಕ ಬಿಡಂಗಿಲ್ಲ ಅಂತ ನಮ್ಮವ್ವ ಹೇಳ್ಯಾಳ." ಹಿಟ್ಟಿನ ಡಬ್ಬದ ಹಿಂದಿನ ಡಬ್ಬಿ ತೆಗೆದು ತೋರಿಸಿದಳು. ಶುಂಠಿ, ಮೆಣಸು, ಹಿಪ್ಪಲಿ ಹುರಿದು ಕುಟ್ಟಿದ ಬಾಣಂತಿ ಖಾರ. "ಈ ವಯಸ್ಸಿನ್ಯಾಗ ಇದನ್ನ ತಿನ್ನೂದು ಕಂಡ್ರ ಮಂದಿ ನಗ್ತಾರ ಅಂತ ಮುಚ್ಚಿ ಇಡ್ತೀನಿ."

"ಅದಕ್ಕಿಂತ ಮೊದಲು? ಸಣ್ಣಾಕಿದ್ದಾಗ?"

"ಸಣ್ಣಾಕಿದ್ದಾಗ ಪಿತ್ತದ ಗಂದಿ ಏಳತಿದ್ವು. ಅವ್ವ ಕಂಬಳಿ ತಿಕ್ಕತಿದ್ಳು. ಯಾರಿಗೆ ಏಳಂಗಿಲ್ಲ?"

"ನನಗೂ ಅದೇ ಅದ ಅತ್ತೀ. ಥಂಡಿ ಗಾಳಿಗೆ."

"ನಿನಗ ಹೆಂಗ ಬರತದ ಹುಚ್ಚಿ? ನೀ ಎಲ್ಲಿ ಹಡದಿ?" ಎಂದು ನಗಲು ಹೋದವಳು ಅರ್ಧಕ್ಕೆ ನಿಂತಳು. ನಡುಮನೆಯ ಕಡೆ, ಕೂಲರ್ ಕಡೆ, ಹಾಸಿದ ಚಾಪೆಯ ಕಡೆ ನೋಡಿದಳು. "ಅಂದ್ರ... ನನ್ನ ಕೈಲೇ ನಿನ್ನ ಅದರ ಮುಂದ ಮಲಗಿಸಿದ್ನಲ್ಲೇ. ಪರದೆಗೆ ನೀರು ಹಾಕಿ ಹಾಕಿ."

ಡಾಕ್ಟರ್ ಹೇಳಿದ್ದನ್ನೆಲ್ಲ ಅವಳ ಕಿವಿಯಲ್ಲಿ ಕೂಗಿದೆ. ಕಾವಲಿನ ಮಾತು ಬಂದಾಗ ಅವಳು ತಲೆಯಾಡಿಸಿದಳು. ಅದು ಅವಳ ಅವ್ವನ ಕಥೆ, ನನಗಿಂತ ಮೊದಲು ಕೇಳಿದವಳು ಅವಳು.

"ಆ ಕಾವಲುಗಾರನ್ನ ಕಡೀಕ ಏನ್ ಮಾಡಿದ್ರು ಅತ್ತೀ?"

"ಏನ್ ಮಾಡ್ತಾರ? ತೆಗದು ಹಾಕಿದ್ರ ಖರೇ ಕಳ್ಳ ಬಂದಾಗ ಯಾರು ಬಾರಸ್ತಾರ? ನಗಾರಿಗೆ ಕೌದಿ ಹೊಚ್ಚಿದ್ರಂತ. ಸಣ್ಣಗ ಕೇಳ್ಲಿ ಅಂತ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಅತ್ತಿ ಅದನ್ನು ಮುಂದಕ್ಕೆ ತಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು: "ನಿಮ್ಮವ್ವನ ಮಾತು ಇಲ್ಲಿತನಕ ಬಂದಾದ. ಕಿವಿ ಮಂದ ಆಗ್ಯಾವ, ಕಣ್ಣಲ್ಲ. ನಿಲ್ದಾಣದ ಖಾನಾವಳಿಯವ ರೊಟ್ಟಿ ಒಯ್ಯೂದು ಬಿಟ್ಟಾನ. ಮದ್ದು ಹಾಕೂ ಕೈಯಿಂದು ಬ್ಯಾಡಂತ. ತವರಿಗೂ ಕರಿಯಂಗಿಲ್ಲ ಅಂತೀರಿ. ನಾ ರೊಟ್ಟಿ ಬಡಿಯೂ ಕೈ ಒಂದೇ ಇಟ್ಕೊಂಡೀನಿ ಪರಿಮಳಾ. ಅದಕ್ಕೇ ಕಲ್ಲು ಹಾಕಿದ್ರಲ್ಲ."

ಹೊರಗೆ ಅಪ್ಪ ಮೂಗು ಸೀಟಿದ ಸದ್ದು. ಅವಳಿಗೆ ಅದು ಕೇಳಿಸಲಿಲ್ಲ.

ಪಂಚಮಿಗೆ ಮೊದಲು ಹೈದರಾಬಾದಿನ ಉತ್ತರ ಬಂತು. ಅತ್ತಿಯ ರಕ್ತವನ್ನೂ ಕಳಿಸಿದ್ದೆವು. ಇಬ್ಬರಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪು. ಡಾಕ್ಟರ್ ಅಂಬರೀನ ಹೊರಗಿನಿಂದ ತರಿಸಬೇಕಾದ ಒಂದು ಇಂಜೆಕ್ಷನ್ನಿಗಾಗಿ ಓಡಾಡುತ್ತಿದ್ದರು. ಅದು ಕಾವಲನ್ನು ಕೊಲ್ಲುವುದಿಲ್ಲ, ಆ ರಸದ ಬಾಯಿ ಕಟ್ಟುತ್ತದೆ ಅಂದರು. ಕೌದಿ, ಅಂದುಕೊಂಡೆ. ಅಲ್ಲಿಯತನಕ ಬೆಚ್ಚಗಿರಬೇಕು, ಕಿವಿ, ಮೂತ್ರ ಆಗಾಗ ತೋರಿಸಬೇಕು.

ಅವ್ವನಿಗೆ ಅಪ್ಪ ಎಲ್ಲ ವಿವರಿಸಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಬೇಳೆ ಆರಿಸುತ್ತಲೇ ಕೇಳಿದಳು.

"ಹಂಗಾರ ಮದ್ದು ನಿಮ್ಮ ವಂಶದ್ದೇ ಅಂದಂಗಾಯ್ತು," ಅಂದಳು ಕೊನೆಗೆ. "ಅನ್ನದಾಗ ಹಾಕ್ಲಿಲ್ಲ, ರಕ್ತದಾಗ ಹಾಕಿ ಕಳಿಸೀರಿ."

"ಹೌದು," ಅಂದ ಅಪ್ಪ. ಚಪ್ಪಲಿ ಮೆಟ್ಟಿ ಶಹಾಪುರಕ್ಕೆ ಹೊರಟ. ಅವ್ವ ತಡೆಯಲಿಲ್ಲ. ಬಾಗಿಲತನಕ ಬಂದು ದಪ್ಪ ಕೌದಿಯೊಂದನ್ನು ಅವನ ಕೈಗೆ ತುರುಕಿದಳು. "ಬಸ್ಸಿನ್ಯಾಗ ಕಿಟಕಿ ಕಡಿ ಕುಂಡ್ರಿಸಬ್ಯಾಡ್ರಿ ಆಕಿನ್ನ."

ಸಂಜೆ ಅತ್ತಿ ಬಂದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ತಲೆಯಿಂದ ಕಾಲತನಕ ಕೌದಿ. ಬಗಲಲ್ಲಿ ರೊಟ್ಟಿಯ ಗಂಟು. ತಂದಿದ್ದು ತಪ್ಪಾಯಿತೇನೋ ಎಂಬಂತೆ ಅದನ್ನು ಕಟ್ಟೆಯ ಮೂಲೆಯಲ್ಲಿಟ್ಟು ನಿಂತಳು. ಗೋಡೆಯಾಚೆ ಖುರ್ಷೀದಬೇಗಂಳ ತಲೆ ಮೂಡಿತು. ಎದುರುಮನೆಯ ಬಾಗಿಲೂ ತೆರೆಯಿತು.

ಅವ್ವ ಹೊರಗೆ ಬಂದಳು. ಗಂಟು ಬಿಚ್ಚಿದಳು. ಒಂದು ರೊಟ್ಟಿ ತೆಗೆದು ಮುಂದೆ ನೋಡಿದಳು, ತಿರುವಿ ಹಿಂದೆ ನೋಡಿದಳು. ಬೇವಿನ ಬುಡದ ನಾಯಿ ಎದ್ದು ಬಾಲವಾಡಿಸುತ್ತ ಬಂತು. ಅವ್ವ ಅದನ್ನು ಕಾಲಿನಿಂದ ಅತ್ತ ಸರಿಸಿ, ಬೀದಿಗೆ ಮುಖ ಮಾಡಿ ಕೂತು, ರೊಟ್ಟಿ ಮುರಿದು, ಹಿಂಡಿ ಹಚ್ಚಿ ತಿಂದಳು. ಕಟಕಟ ಸದ್ದು ಓಣಿಗೆಲ್ಲ ಕೇಳಿರಬೇಕು.

"ಹಿಂಡಿಗೆ ಉಪ್ಪು ಕಮ್ಮಿ ಆಗ್ಯಾದ ಯಕ್ಕಾ," ಎಂದು ಕೂಗಿದಳು. ಅತ್ತಿಗೆ ಕೇಳಬೇಕೆಂದೋ ಓಣಿಗೆ ಕೇಳಬೇಕೆಂದೋ, ಗಂಟಲು ಹರಿಯುವಷ್ಟು ಜೋರಾಗಿ.

"ಕಮ್ಮಿ ಆದ್ರ ನೀನೇ ಹಾಕ್ಕೊ," ಅಂದಳು ಅತ್ತಿ. "ನಾ ಏನರೆ ಹಾಕಿದ್ರ ಮತ್ತ ನಿನಗ ಶಕ್ ಬರತದ."

ಗೋಡೆಯಾಚೆ ಖುರ್ಷೀದಬೇಗಂ ಕಿಸಕ್ಕೆಂದಳು. ಅವ್ವನ ಮುಖ ಕೆಂಪಾಯಿತು. ಆದರೂ ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿ, "ಒದ್ದಿ ಅದ, ಕೌದಿ ಮ್ಯಾಲ ಕೂಡು," ಅಂದಳು. ಅತ್ತಿ ಕೂತಳು. ಸ್ವಲ್ಪ ಹೊತ್ತಿಗೆ ಅವ್ವ, ಯಾರಿಗೋ ಹೇಳುವವಳಂತೆ: "ಒಂದೇ ರೋಗ ಇದ್ದ ಮನಿ ಅಂದಮ್ಯಾಲ ಅರ್ಜುನಗ ನಮ್ಮ ಹುಡಿಗಿ ಕೊಡಂಗಿಲ್ಲ, ಈಗೇ ಹೇಳ್ತೀನಿ."

"ನಾ ಯಾವಾಗ ಕೇಳೀನವ್ವ?" ಅಂದಳು ಅತ್ತಿ. "ಅವ ಕಡೇಚೂರಾಗ ಒಬ್ಬಾಕಿನ್ನ ನೋಡ್ಯಾನ. ಮೌನಿಕಾ ಅಂತ. ಇದನ್ನ ಹೇಳಬೇಕಂತನೇ ಹೋದ ಪಂಚಮಿಯಿಂದ ಬಾಯಿ ತಗಿಯಾಕತ್ತೀನಿ. ನೀ ಎಲ್ಲಿ ಬಿಟ್ಟಿ?"

ಅವ್ವ ಬಾಯಲ್ಲಿದ್ದ ತುತ್ತನ್ನು ನುಂಗುವುದು ಮರೆತು ಅವಳನ್ನು ನೋಡಿದಳು. ಇದೂ ನಿಜವೋ ಸುಳ್ಳೋ ಎಂದು ಅಳೆಯುತ್ತಿದ್ದಳು. ಅವಳ ಕಣ್ಣು ನನಗೆ ಗೊತ್ತು. ಆಮೇಲೆ ಇನ್ನೊಂದು ರೊಟ್ಟಿ ಮುರಿದು ಅರ್ಧ ಅತ್ತಿಗೆ, ಅರ್ಧ ನನಗೆ ಕೊಟ್ಟಳು.

ನಾಯಿ ಅವ್ವನ ಮುಖವನ್ನೇ ನೋಡುತ್ತ ನಿಂತಿತ್ತು. ಈ ಸಲ ಅದಕ್ಕೆ ಎಲ್ಲರದೂ ಆದ ಮೇಲೆ ಸಿಕ್ಕಿತು.